ಹಗ್ಗ ಬಿಡಿಸಿದ ಹುಡುಗ

ಚಿತ್ರದುರ್ಗ
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದೆ. ಸ್ನಾನ ಆಯಿತು, ಒಂದು ಲೋಟ ಚಹಾನೂ ಆಯಿತು. ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಅಪ್ಪ ಇನ್ನೂ ಎದ್ದಿಲ್ಲ, ಮನೆ ಸದ್ದಿಲ್ಲದೆ ಇದೆ. ಅದಕ್ಕೇ ಬರೆಯಲು ಕೂತೆ.

ಬುಧವಾರ ಫೋನಿನಲ್ಲಿ ನಿನ್ನ ಪಾಠದ ಕಾದಂಬರಿಯ ಬಗ್ಗೆ, ಅದರಲ್ಲಿ ಸಾಯುವ ಸೈಮನ್ ಅನ್ನುವ ಹುಡುಗನ ಬಗ್ಗೆ ನೀನು ಅಂದ ಮಾತು ಮನಸ್ಸು ಬಿಟ್ಟು ಹೋಗುತ್ತಿಲ್ಲ. "ಇಂಥ ರೂಪಕ ಕಥೆಗಳಲ್ಲಿ ಒಳ್ಳೆಯವರು ಇರೋದೇ ಸಾಯೋದಕ್ಕೆ ಅಮ್ಮಾ. ಸೈಮನ್ ಅಂದ್ರೆ ಕ್ರಿಸ್ತನ ಸಂಕೇತ, ಹಾಗೆ ಬರೆದ್ರೆ ಮಾರ್ಕ್ಸ್ ಬರುತ್ತೆ. ಅವನ ಒಳ್ಳೇತನದಿಂದ ಅಲ್ಲಿ ಯಾರಿಗೂ ಏನೂ ಆಗ್ಲಿಲ್ಲ" ಅಂದೆ. ನಿನ್ನ ದನಿಯಲ್ಲಿ ಇದ್ದದ್ದು ಬರೀ ಪರೀಕ್ಷೆಯ ಬೇಸರ ಅಲ್ಲ. ಆಗಲೇ ಏನಾದರೂ ಹೇಳಬೇಕಿತ್ತು. ವಾರ್ಡಿನಲ್ಲಿ ಕರೆದರು, ಓಡಿದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ರಜೆಗೆ ಬಂದಾಗ ನೀನು ಮಂಚದ ಮೇಲೆ ಬಿಟ್ಟು ಹೋದೆಯಲ್ಲ, 'ಲಾರ್ಡ್ ಆಫ್ ದ ಫ್ಲೈಸ್', ಅದನ್ನು ನಾನು ಓದಿ ಮುಗಿಸಿದೆ. ಮೊಬೈಲಿನಲ್ಲಿ ನಿಘಂಟು ತೆಗೆದಿಟ್ಟುಕೊಂಡು, ದಿನಕ್ಕೆ ಐದಾರು ಪುಟ. ದೊಡ್ಡವರು ಯಾರೂ ಇಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದು, ಅಲ್ಲಿ ಯಾವುದೋ ಮೃಗ ಇದೆ ಅಂತ ಹೆದರುವ ಹುಡುಗರ ಕಥೆ, ಅವರಲ್ಲಿ ಒಬ್ಬ ನಿನ್ನ ಸೈಮನ್. ಪುಸ್ತಕದೊಳಗೆ ನೀನು ಮಡಚಿಟ್ಟಿದ್ದ ಜೆರಾಕ್ಸ್ ಹಾಳೆಗಳನ್ನೂ, ನಿನ್ನ ಕ್ಲಾಸಿನ ನೋಟ್ಸನ್ನೂ ಓದಿದೆ. ನಾನು ಸಾಹಿತ್ಯ ಕಲಿತವಳಲ್ಲ, ನರ್ಸಿಂಗ್ ಕಲಿತವಳು. ಆದರೆ ಆ ಹುಡುಗನನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು.

ಮೊದಲ ಸಲ ಬರುವಾಗಲೇ ಅವನು ಬೀಳುತ್ತಾನೆ. ಆ ಬಿಸಿಲಲ್ಲಿ ಕಪ್ಪು ನಿಲುವಂಗಿ ಹಾಕಿಕೊಂಡು ಸಾಲಾಗಿ ಬರುವ ಹುಡುಗರು, ಅವರಲ್ಲಿ ಒಬ್ಬ ದಡ್ ಅಂತ ಮರಳಿನ ಮೇಲೆ. ಇವನು ಯಾವಾಗಲೂ ಹೀಗೇ ಬೀಳುತ್ತಿರುತ್ತಾನೆ ಅಂತ ಉಳಿದವರಿಗೆ ಅಸಡ್ಡೆ. ಮುಂದೆ ಮೂಗಿನಿಂದ ರಕ್ತ, ಮತ್ತೆ ಮೂರ್ಛೆ. ಇಂಥ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ! ಹಳ್ಳಿಯಿಂದ ಕರೆತರುವಾಗ ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಿಕೊಂಡು ಬರುತ್ತಾರೆ. ಬಾಯಿಗೆ ಚಮಚ ತುರುಕಿ ಹಲ್ಲು ಮುರಿದಿರುತ್ತಾರೆ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕಿಂತ ಜಾಸ್ತಿ ನೋವು ಕೊಡುವುದು ಬೇರೆ. ಆ ಮಗು ಏನು ಹೇಳಿದರೂ ಮನೆಯವರು ಕೇಳಿಸಿಕೊಳ್ಳುವುದಿಲ್ಲ. 'ಅದಕ್ಕೆ ಹುಷಾರಿಲ್ಲ, ಬಿಡಿ' ಅಂತಾರೆ. ಸೈಮನ್ನನಿಗೂ ಹಾಗೇ ಆಯಿತು ಅಲ್ವಾ? ಸಭೆಯಲ್ಲಿ ಎದ್ದು ನಿಂತು, ಆ ಮೃಗ ಅಂದರೆ ಬಹುಶಃ ನಾವೇ ಇರಬಹುದು ಅಂತ ತಡವರಿಸುತ್ತಾನೆ. ಎಲ್ಲರೂ ನಗುತ್ತಾರೆ.

ಅವನು ಸಂಕೇತ ಅಲ್ಲ ಅಂತ ನಾನು ಹೇಳುತ್ತಿಲ್ಲ. ಬರೆದ ಗೋಲ್ಡಿಂಗ್ ಅವರೇ ಒಪ್ಪಿಕೊಂಡಿದ್ದಾರೆ. 1954ರಲ್ಲಿ ಕಾದಂಬರಿ ಬಂತು. ಆಮೇಲೆ ಬರೆದ 'ಫೇಬಲ್' ಅನ್ನುವ ಪ್ರಬಂಧದಲ್ಲಿ, ನನ್ನ ನೀತಿಕಥೆಯೊಳಗೆ ಕ್ರಿಸ್ತನಂಥ ಒಬ್ಬನನ್ನು ಇಟ್ಟೆ, ಅವನೇ ಸೈಮನ್ ಅಂತ ನೇರವಾಗಿ ಹೇಳುತ್ತಾರೆ. ನಿನ್ನ ಜೆರಾಕ್ಸಿನಲ್ಲೇ ಇದೆ. ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಆದರೆ ನೀನೇ ಅಂಚಿನಲ್ಲಿ ಬರೆದುಕೊಂಡ ಇನ್ನೊಂದು ಸಂಗತಿ ನೋಡು. ಮೊದಲ ಹಸ್ತಪ್ರತಿಯಲ್ಲಿ ಸೈಮನ್ನನ ದೈವಿಕತೆ ಇನ್ನೂ ಎದ್ದು ಕಾಣುತ್ತಿತ್ತಂತೆ. ಫೇಬರ್ ಪ್ರಕಾಶನದ ಸಂಪಾದಕ ಚಾರ್ಲ್ಸ್ ಮಾಂಟೀತ್ ಅದನ್ನು ಕಮ್ಮಿ ಮಾಡಿಸಿದರಂತೆ. ಆ ಮನುಷ್ಯನಿಗೆ ಒಂದು ನಮಸ್ಕಾರ ಹೇಳಬೇಕು ಅನಿಸಿತು ನನಗೆ. ಪ್ರಭೆ ತೆಗೆದ ಮೇಲೆ ಉಳಿದದ್ದು ಒಬ್ಬ ಸಣಕಲು ಹುಡುಗ, ಅವನ ಎರಡು ಕೈ.

ಆ ಕೈ ಏನೇನು ಮಾಡುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಬೈಯಬೇಡ. ಗುಡಿಸಲು ಕಟ್ಟುವಾಗ ಉಳಿದವರೆಲ್ಲ ಈಜಲು, ಬೇಟೆಗೆ ಹೋದರೆ ಹುಡುಗರ ನಾಯಕ ರಾಲ್ಫ್ ಜೊತೆ ಕೊನೆಯವರೆಗೆ ನಿಂತವನು ಇವನೊಬ್ಬನೇ. ಚಿಕ್ಕ ಮಕ್ಕಳಿಗೆ ಎಟುಕದ ಕೊಂಬೆಯಿಂದ ಹಣ್ಣು ಕಿತ್ತು ಕೊಡುತ್ತಾನೆ. ಪಿಗ್ಗಿ ಅನ್ನುವ ದಪ್ಪ ಹುಡುಗನ ಕನ್ನಡಕ ಬಂಡೆಗೆ ಬಡಿದು ಬಿದ್ದಾಗ ಮೊದಲು ಓಡಿ ಹುಡುಕಿ ಕೊಡುತ್ತಾನೆ. ಪಿಗ್ಗಿಗೆ ಮಾಂಸ ಕೊಡುವುದಿಲ್ಲ ಅಂದಾಗ ತನ್ನ ತುಂಡನ್ನು ಅವನ ಕಡೆ ತಳ್ಳುತ್ತಾನೆ, ಆಮೇಲೆ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ. ಸಂಜೆಗತ್ತಲಲ್ಲಿ ಒಂದು ಸುದ್ದಿ ಮುಟ್ಟಿಸಲು ಯಾರು ಕಾಡು ದಾಟುತ್ತೀರಿ ಅಂದಾಗ ನಾನು ಅಂತಾನೆ. ಇದರಲ್ಲಿ ಪವಾಡ ಒಂದೂ ಇಲ್ಲ. ವಾರ್ಡಿನಲ್ಲಿ ಒಳ್ಳೆಯ ಆಯಾ ಒಬ್ಬರು ದಿನವೂ ಮಾಡುವ ಕೆಲಸ ಇದು.

ಇನ್ನು ಬೆಟ್ಟದ ಮೇಲಿನ ಆ ಹೆಣ. ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಪ್ಯಾರಾಚೂಟಿನಲ್ಲಿ ಬಂದು ಬಿದ್ದ ಸತ್ತ ಸೈನಿಕ. ಗಾಳಿ ಬೀಸಿದಾಗಲೆಲ್ಲ ಹಗ್ಗ ಎಳೆದು ಅವನನ್ನು ಕೂರಿಸುತ್ತದೆ, ಮತ್ತೆ ಬಗ್ಗಿಸುತ್ತದೆ. ದೂರದಿಂದ ನೋಡಿದ ಹುಡುಗರು ಅದನ್ನೇ ಮೃಗ ಅಂದುಕೊಂಡು ಓಡಿದರು. ಗೋಲ್ಡಿಂಗ್ ಆ ಹೆಣವನ್ನು ಚರಿತ್ರೆ ಅಂತ ಕರೆಯುತ್ತಾರೆ, ಸತ್ತರೂ ಸುಮ್ಮನೆ ಮಲಗದ ಚರಿತ್ರೆ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು ಅವರು. ಅವರು ನೋಡಿದ ಹೆಣಗಳನ್ನು ನಾನು ನೋಡಿಲ್ಲ. ಆದರೆ ಹೆಣ ಅಂದರೆ ಏನು ಅಂತ ನನಗೆ ಗೊತ್ತು. ವಾಸನೆ, ನೊಣ, ಮುಖ ನೋಡಲಾಗದ ಸ್ಥಿತಿ.

ಸೈಮನ್ ಒಬ್ಬನೇ ಹತ್ತುತ್ತಾನೆ. ನೋಡುತ್ತಾನೆ. ಹೊಟ್ಟೆ ತೊಳಸಿ ವಾಂತಿ ಮಾಡುತ್ತಾನೆ. ಪುಟ್ಟಿ, ವಾಂತಿ ಆದ ಮೇಲೆ ಅವನು ಓಡುವುದಿಲ್ಲ. ಹಗ್ಗಗಳನ್ನು ಕೈಗೆ ತೆಗೆದುಕೊಂಡು ಬಂಡೆಯಿಂದ ಬಿಡಿಸುತ್ತಾನೆ. ಸತ್ತವನನ್ನು ಗಾಳಿ ಇನ್ನು ಗೊಂಬೆಯ ಹಾಗೆ ಆಡಿಸಬಾರದು ಅಂತ. ಆಮೇಲೆ ಇಳಿಯುತ್ತಾನೆ, ಅದು ಮೃಗ ಅಲ್ಲ ಅಂತ ಹೇಳಲು. ನನ್ನ ಮೊದಲ ವರ್ಷದ ಡ್ಯೂಟಿಯಲ್ಲಿ ಹೀಗೇ ಆಗಿತ್ತು. ಹೊರಗೆ ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಒಳಗೆ ಬಂದು ಆ ಮುದುಕಪ್ಪನ ಕಣ್ಣು ಮುಚ್ಚಿಸಿ ಗಲ್ಲಕ್ಕೆ ಬಟ್ಟೆ ಕಟ್ಟಿದೆ. ಯಾರಿಗೂ ಹೇಳಿರಲಿಲ್ಲ.

ನೀನು ಏನೂ ಆಗಲಿಲ್ಲ ಅಂದೆಯಲ್ಲ, ಆ ರಾತ್ರಿಯ ಪುಟ ಮತ್ತೊಮ್ಮೆ ತೆಗೆ. ಮಳೆ, ಗುಡುಗು, ಕುಣಿತ, ಕತ್ತಲಲ್ಲಿ ತೆವಳಿಕೊಂಡು ಬಂದ ಹುಡುಗನನ್ನೇ ಮೃಗ ಅಂತ ಕೊಲ್ಲುತ್ತಾರೆ. ಅದೇ ಗಳಿಗೆಯಲ್ಲಿ ಬಿರುಗಾಳಿ ಬೆಟ್ಟದ ಮೇಲಿನ ಪ್ಯಾರಾಚೂಟನ್ನು ಎತ್ತುತ್ತದೆ. ಸತ್ತ ಸೈನಿಕ ತೇಲಿಕೊಂಡು ಬಂದು ಅವರ ತಲೆಯ ಮೇಲಿಂದ ಸಮುದ್ರಕ್ಕೆ ಹೋಗಿಬಿಡುತ್ತಾನೆ. ಅವನು ಹೋಗಲು ಸಾಧ್ಯವಾದದ್ದು ಯಾಕೆ? ಹಗ್ಗ ಬಿಡಿಸಿತ್ತು, ಅದಕ್ಕೆ. ಬೆಟ್ಟದಿಂದ ಆ 'ಮೃಗ'ವನ್ನು ನಿಜವಾಗಿ ಕಳಿಸಿಕೊಟ್ಟವನು ಸೈಮನ್. ಯಾರಿಗೂ ಅದು ತಿಳಿಯಲಿಲ್ಲ, ಮತ್ತೂ ಹೆದರಿ ಓಡಿದರು ಅನ್ನುವುದು ಬೇರೆ ಮಾತು. ಕೆಲಸ ಆಗಿತ್ತು. ನಿನ್ನ ನೋಟ್ಸಿನಲ್ಲಿ ಇದೊಂದು ಇರಲಿಲ್ಲ.

ಸೈಮನ್ ಅನ್ನುವ ಹೀಬ್ರೂ ಹೆಸರಿಗೆ 'ಕೇಳಿಸಿಕೊಂಡವನು' ಅಂತ ಅರ್ಥ ಇದೆಯಂತೆ. ಇದು ಓದಿದಾಗ ನನಗೆ ನಮ್ಮ ಓಬವ್ವ ನೆನಪಾದಳು. ಅವಳದು ರೂಪಕ ಕಥೆ ಅಲ್ಲ, ನಮ್ಮ ಊರಿನದೇ ಕಥೆ. ಆದರೆ ಈಗ ಅವಳೂ ಒಂದು ಸಂಕೇತ ಆಗಿಬಿಟ್ಟಿದ್ದಾಳೆ. ಸ್ಟೇಡಿಯಂಗೆ ಅವಳ ಹೆಸರು, ಭಾಷಣದಲ್ಲಿ ಅವಳ ಹೆಸರು. ನೀನು ಚಿಕ್ಕವಳಿದ್ದಾಗ ಕಿಂಡಿಯ ಹತ್ತಿರ ಕೂತು ಏನು ಕೇಳಿದ್ದೆ ನೆನಪಿದೆಯಾ? "ಅವಳು ನೀರು ತಂದಳಾ ಇಲ್ವಾ?" ಅಂತ. ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದಳು, ಬಂಡೆಯ ಸಂದಿಯಲ್ಲಿ ಪಿಸುಮಾತು ಕೇಳಿಸಿತು. ಕೇಳಿಸಿದ್ದನ್ನು ಕೇಳಿಸಲೇ ಇಲ್ಲ ಅಂತ ಬಿಡಲಿಲ್ಲ. ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. ಅವಳೂ ಉಳಿಯಲಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಹಾಗಂತ ಅವಳಿಂದ ಏನೂ ಆಗಲಿಲ್ಲ ಅಂತ ಈ ದುರ್ಗದಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀಯಾ?

ಪುಣ್ಯಕೋಟಿಯ ಹಾಡನ್ನೂ ಯೋಚಿಸಿದೆ. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನು ಹಾಡುವಾಗ, ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುವ ಜಾಗಕ್ಕೆ ಬಂದರೆ ಸಾಕು, ನೀನು ನನ್ನ ಬಾಯಿಗೆ ಕೈ ಅಡ್ಡ ಇಡುತ್ತಿದ್ದೆ. ಅಲ್ಲಿ ಹಸು ಮಾತು ಉಳಿಸಿಕೊಂಡು ಬಂದಾಗ ಹುಲಿಯೇ ಕರಗಿತು. ಸೈಮನ್ನನಿಗೆ ಅಂಥ ಒಂದು ಹುಲಿ ಸಿಗಲಿಲ್ಲ. ನಿನಗೆ ಸಿಟ್ಟು ಬಂದದ್ದು ಅದಕ್ಕೇ ಅಂತ ನನಗನಿಸುತ್ತದೆ. ಚಿಕ್ಕಂದಿನಿಂದ ಹುಲಿ ಕರಗುವ ಕಥೆ ಹೇಳಿ ಬೆಳೆಸಿದೆ ನಿನ್ನನ್ನು.

ನಿಮ್ಮ ಇನ್ನೊಂದು ಪಾಠ, ಜಾರ್ಜ್ ಆರ್ವೆಲ್ ಬರೆದ 'ಅನಿಮಲ್ ಫಾರ್ಮ್', ಅದರ ಬಾಕ್ಸರ್ ಕುದುರೆಯೂ ಒಳ್ಳೆಯದೇ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು ನೋಡಿದಾಗೆಲ್ಲ ನನಗೆ ಅದರ ನೆನಪು. ಗಾಳಿಯಂತ್ರ ಕಟ್ಟಲು ಕಲ್ಲು ಎಳೆದು ಎಳೆದು ಬಿತ್ತು, ಬಿದ್ದ ಮೇಲೆ ಕಟುಕನಿಗೆ ಮಾರಿದರು. ಆದರೆ ಬಾಕ್ಸರ್ ನಂಬಿತು, ಯಾಕೆ ಅಂತ ಕೇಳಲಿಲ್ಲ. ಸೈಮನ್ ಹೋಗಿ ನೋಡಿ ಬಂದ. ನಿನಗೆ ಇಬ್ಬರಲ್ಲಿ ಒಬ್ಬರ ಹಾಗೆ ಆಗು ಅಂದರೆ ನಾನು ಯಾರ ಹೆಸರು ಹೇಳುತ್ತೇನೆ ಅಂತ ನಿನಗೆ ಗೊತ್ತು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. 2018. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತ್ತಲ್ಲ, ಆಗ. ನೀನು ಹೈಸ್ಕೂಲಿನಲ್ಲಿದ್ದೆ, ನಿನಗೆ ಹೇಳಿರಲಿಲ್ಲ. ರಾತ್ರಿ ಒಬ್ಬನನ್ನು ತಂದರು. ಮೈಯೆಲ್ಲ ಬಾಸುಂಡೆ, ತಲೆ ಒಡೆದಿತ್ತು. ಬುದ್ಧಿ ಸ್ವಲ್ಪ ಮಂದ, ತನ್ನ ಹೆಸರು ಬಿಟ್ಟರೆ ಬೇರೇನೂ ಹೇಳಲು ಬರುತ್ತಿರಲಿಲ್ಲ. ಕರೆತಂದ ಹುಡುಗರನ್ನು ಏನಾಯಿತು ಅಂತ ಕೇಳಿದೆ. "ನಾವು ಕೊನೆಗೆ ಬಂದ್ವಿ ಸಿಸ್ಟರ್." "ನಾವು ಬರೀ ನಿಂತಿದ್ವಿ." ಒಬ್ಬೊಬ್ಬರೂ ಅದೇ ಮಾತು. ಸೈಮನ್ ಸತ್ತ ಮರುದಿನ, ಆ ಕುಣಿತದಲ್ಲಿದ್ದ ಅವಳಿ ಹುಡುಗರು ನಾವು ಬೇಗ ಹೊರಟುಬಿಟ್ಟಿದ್ದೆವು ಅಂತಾರಲ್ಲ, ಅದು ಓದುವಾಗ ನನಗೆ ಆ ಹುಡುಗರ ದನಿಯೇ ಕೇಳಿಸಿತು.

ಅವರ ಹಿಂದೆ ಒಬ್ಬ ಹೆಂಗಸು ಬಂದಿದ್ದಳು. ಮಂಡಕ್ಕಿ ಗಾಡಿಯವಳು. ಅವನು ದಿನಾ ಅವಳ ಗಾಡಿಯ ಸುತ್ತ ಗುಡಿಸಿ ಒಂದು ಚಹಾ ಕುಡಿದು ಹೋಗುತ್ತಿದ್ದನಂತೆ. ಗಲಾಟೆ ಕೇಳಿ ಎಲ್ಲರೂ ಬಾಗಿಲು ಹಾಕಿಕೊಂಡರೆ ಇವಳು ಗಾಡಿ ಬಿಟ್ಟು ಹೋಗಿ ನೋಡಿದ್ದಾಳೆ. ಇವನು ಕಳ್ಳ ಅಲ್ಲ, ನನಗೆ ಗೊತ್ತು ಅಂತ ಕೂಗಿದ್ದಾಳೆ. ಯಾರೋ ತಳ್ಳಿದರು. ಮಣಿಕಟ್ಟು ಮುರಿದಿತ್ತು. ಅವನಿಗೆ ಹೊಲಿಗೆ ಹಾಕಿ ಮುಗಿಯುವವರೆಗೂ ಅವಳು ತನ್ನ ಕೈ ತೋರಿಸಲೇ ಇಲ್ಲ. ನಾನೇ ಊದಿದ್ದು ನೋಡಿ ಕೇಳಿದೆ. ಅವನು ಬದುಕಿದ. ಅವಳ ಕೂಗಿನಿಂದ ಬದುಕಿದನಾ, ಅವರ ಕೈ ಸೋತು ಬದುಕಿದನಾ, ನನಗೆ ಹೇಳಲು ಬರುವುದಿಲ್ಲ. ಮರುದಿನ ಪೇಪರಿನಲ್ಲಿ ಅವಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಹೆಂಗಸು ಯಾವುದರ ಸಂಕೇತ ಅಂತ ಯಾರಾದರೂ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ ಪುಟ್ಟಿ. ಆದರೆ ಸೈಮನ್ನನ ಪುಟಗಳನ್ನು ಓದುವಾಗ ನನಗೆ ಕಾಣಿಸುತ್ತಿದ್ದದ್ದು ಕ್ರಿಸ್ತನ ಪಟ ಅಲ್ಲ, ಅವಳ ಊದಿದ ಕೈ. ಕಥೆಯ ಒಳ್ಳೆಯವನನ್ನು ಪಾತ್ರೆಯ ಮೇಲೆ ಹೆಸರು ಕೊರೆದ ಹಾಗೆ 'ಒಳ್ಳೇತನ' ಅಂತ ಕೊರೆದು ಕಪಾಟಿನಲ್ಲಿ ಇಟ್ಟುಬಿಡಬೇಡ. ಅವನು ಏನು ಮಾಡಿದ, ಯಾವಾಗ ಮಾಡಿದ, ಯಾರೂ ನೋಡದಿದ್ದಾಗ ಏನು ಮಾಡಿದ ಅಂತ ನೋಡು. ಪರೀಕ್ಷೆಯಲ್ಲಿ ಕ್ರಿಸ್ತ ಅಂತಲೇ ಬರೆ, ಮಾರ್ಕ್ಸ್ ಬೇಕು ಅಲ್ವಾ. ಜೊತೆಗೆ ಹಗ್ಗದ ವಿಷಯ ನಾಲ್ಕು ಸಾಲು ಬರೆ. ನಿಮ್ಮ ಮೇಷ್ಟ್ರಿಗೂ ಇಷ್ಟ ಆಗಬಹುದು.

ಇನ್ನೊಂದು ಕೇಳಬೇಕಿತ್ತು. ಕೊನೆಗೆ ಅಲೆ ಬಂದು ಅವನ ದೇಹವನ್ನು ಮೆಲ್ಲಗೆ ಎತ್ತಿಕೊಂಡು ಹೋಗುವಾಗ, ಸುತ್ತ ಮಿಣುಕುವ ಸಣ್ಣ ಸಣ್ಣ ಜೀವಿಗಳು ಬರುತ್ತವಲ್ಲ, ಅವು ನಿಜವಾಗಿ ಸಮುದ್ರದಲ್ಲಿ ಹಾಗೆ ಬೆಳಗುತ್ತವಂತೆ ಹೌದಾ? ಆ ಒಂದು ಪುಟವನ್ನು ನಾನು ನಾಲ್ಕು ಸಲ ಓದಿದೆ. ಇಡೀ ಪುಸ್ತಕದಲ್ಲಿ ಅಷ್ಟು ಜೋಪಾನವಾಗಿ ಬರೆದದ್ದು ಬೇರೆ ಯಾವುದೂ ನನಗೆ ಕಾಣಲಿಲ್ಲ. ನೀನು ಬಂದಾಗ ಗಟ್ಟಿಯಾಗಿ ಓದಿ ಹೇಳು, ಕೆಲವು ಪದ ನನಗೆ ಸಿಗಲಿಲ್ಲ.

ಶೇಂಗಾ ಚಟ್ನಿಪುಡಿ ಮಾಡಿಟ್ಟಿದ್ದೇನೆ. ಅದರ ಜೊತೆಗೇ ಪುಸ್ತಕ ಕಳಿಸುತ್ತೇನೆ. ಎಣ್ಣೆ ತಾಗದ ಹಾಗೆ ಬೇರೆ ಕವರಿನಲ್ಲಿ ಹಾಕುತ್ತೇನೆ. ಪೆನ್ಸಿಲ್ ಗುರುತು ಅಳಿಸಬೇಡ.

ಅಪ್ಪ ಎದ್ದರು, ಚಹಾ ಕೇಳುತ್ತಿದ್ದಾರೆ.

ನಿನ್ನ
ಅಮ್ಮ