ಬೆಸ ಸಂಖ್ಯೆ ಅವರಿಗೆ, ಸಮ ಸಂಖ್ಯೆ ಇವರಿಗೆ

ಮಾನ್ಯ ಸಂಪಾದಕರೇ,

ಸುವರ್ಣಸೌಧದಲ್ಲಿ ಅಧಿವೇಶನ ಶುರುವಾಯಿತೆಂದರೆ ಪ್ರತ್ಯೇಕ ಉತ್ತರ ಕರ್ನಾಟಕದ ಕೂಗೂ ಏಳುತ್ತದೆ. ಅಧಿವೇಶನ ಮುಗಿದರೆ ಅದೂ ಮಲಗುತ್ತದೆ. ಈ ಸಲ ಅದನ್ನು ನಿಮ್ಮ ಪತ್ರಿಕೆಯಲ್ಲಿ ಓದುವಾಗ ನನಗೆ ಒಂದು ಲೈಬ್ರರಿ ನೆನಪಾಯಿತು.

ಮಗಳು ಬೆಲ್ಜಿಯಂನ ಲೂವೆನ್ ಊರಿನಲ್ಲಿ ನೌಕರಿ ಮಾಡುತ್ತಾಳೆ. ಅವಳ ಬಾಣಂತನಕ್ಕೆಂದು 2025ರ ಬೇಸಿಗೆಯಲ್ಲಿ ನಾನೂ ಹೆಂಡತಿಯೂ ಮೂರು ತಿಂಗಳು ಅಲ್ಲಿದ್ದೆವು. ಆಕೆಗೆ ಕೈತುಂಬ ಕೆಲಸ, ನನಗೆ ಸುಮ್ನೆ ಊರು ಸುತ್ತುವುದು. ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯನ್ನು 1914ರಲ್ಲಿ ಜರ್ಮನ್ ಸೈನ್ಯ ಸುಟ್ಟಿತು. ಅಮೆರಿಕದವರ ದುಡ್ಡಿನಲ್ಲಿ ಮತ್ತೆ ಕಟ್ಟಿದರು. 1940ರ ಯುದ್ಧದಲ್ಲಿ ಮತ್ತೆ ಸುಟ್ಟಿತು, ಮತ್ತೆ ಎದ್ದಿತು. ಮೂರನೇ ಸಲ ಅದನ್ನು ಒಡೆದವರು ಮನೆಯವರೇ. ಆ ದೇಶದ ಉತ್ತರದಲ್ಲಿ ಡಚ್ ಮಾತು, ದಕ್ಷಿಣದಲ್ಲಿ ಫ್ರೆಂಚ್. ಲೂವೆನ್ ಇರುವುದು ಡಚ್ ಭಾಗದಲ್ಲಿ, ವಿಶ್ವವಿದ್ಯಾಲಯದಲ್ಲಿ ಎರಡೂ ಭಾಷೆ ಇತ್ತು. 1968ರಲ್ಲಿ ಡಚ್ ಮಾತಾಡುವ ವಿದ್ಯಾರ್ಥಿಗಳು ‘ಫ್ರೆಂಚಿನವರು ಇಲ್ಲಿಂದ ನಡೆಯಲಿ’ ಎಂದು ಬೀದಿಗಿಳಿದರು. ಆ ಗಲಾಟೆಯಲ್ಲಿ ಸರಕಾರವೇ ಬಿತ್ತು. ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಗಕ್ಕಾಗಿ ಭಾಷೆಯ ಗಡಿಯಾಚೆ ಒಂದು ಹೊಸ ಊರನ್ನೇ ಕಟ್ಟಿದರು. ಹೆಸರೂ ‘ಹೊಸ ಲೂವೆನ್’ ಅಂತಲೇ.

ಇನ್ನು ಪುಸ್ತಕ? ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ! ನಮ್ಮ ಕಡೆ ಅಣ್ಣತಮ್ಮಂದಿರು ಹಂಡೆ, ತಪೇಲಿ ಹಂಚಿಕೊಂಡಂತೆ. ಶಾಲೆಯ ಪುಸ್ತಕದ ಕಪಾಟಿನ ಕೀಲಿಯನ್ನು ಮೂವತ್ತು ವರ್ಷ ಇಟ್ಟುಕೊಂಡಿದ್ದವನು ನಾನು. ಒಂದು ಬಿಟ್ಟು ಒಂದು ಪುಸ್ತಕ ಎಳೆದು ಪೆಟ್ಟಿಗೆಗೆ ಹಾಕಿದ ಆ ಗುಮಾಸ್ತನ ಕೈ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ರಾತ್ರಿ ಹೆಂಡತಿಗೆ ಹೇಳಿದೆ. “ಅಯ್ಯ, ಇಲ್ಲೂ ಅದ ಜಗಳ ಏನ್ರೀ?” ಎಂದಳು. ಆಕೆಯ ತವರು ಚಂದಗಡ, ಮನೆಮಾತು ಮರಾಠಿ. 1956ರವರೆಗೆ ಚಂದಗಡ ನಮ್ಮ ಬೆಳಗಾವಿ ಜಿಲ್ಲೆಯ ತಾಲ್ಲೂಕು. ಈಗ ಮಹಾರಾಷ್ಟ್ರದಲ್ಲಿದೆ. ಮಾವನವರು ಕೂತಲ್ಲಿಯೇ ಕೂತು ನಮಗೆ ಬೇರೆ ರಾಜ್ಯದವರಾದರು.

ಬೆಲ್ಜಿಯಂನಲ್ಲಿ 2024ರಲ್ಲಿ ರೈಲು ಕಂಡಕ್ಟರ್ ಒಬ್ಬ ಡಚ್ಚಿನ ಜೊತೆಗೆ ‘ಬೊಂಜೂರ್’ ಎಂದು ಫ್ರೆಂಚಿನಲ್ಲೂ ನಮಸ್ಕಾರ ಹೇಳಿದ. ಗಾಡಿ ಇನ್ನೂ ಎರಡೂ ಭಾಷೆ ನಡೆಯುವ ಬ್ರಸೆಲ್ಸ್ ಮುಟ್ಟಿರಲಿಲ್ಲ. ಅಲ್ಲಿಯ ತನಕ ಡಚ್ ಮಾತ್ರ ಎಂಬುದು ನಿಯಮ. ಪ್ರಯಾಣಿಕನೊಬ್ಬ ದೂರು ಕೊಟ್ಟೇಬಿಟ್ಟ. ಮಗಳು ಇದನ್ನು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ಬೆಳಗಾವಿ ಹತ್ತಿರವೇ ಬಸ್ ಕಂಡಕ್ಟರ್ ಒಬ್ಬರು ಭಾಷೆಯ ಮಾತಿಗೆ ಹೊಡೆತ ತಿಂದರಲ್ವಾ? ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತವು. ಅದೇ ವಾರ ಚಂದಗಡದಲ್ಲಿ ಹೆಂಡತಿಯ ಅಣ್ಣನ ಮಗಳ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಗಡಿಯವರೆಗೆ ರಿಕ್ಷಾ ಹಿಡಿದು, ಕುಂದಾ ಪೆಟ್ಟಿಗೆ, ಆಹೇರಿನ ಚೀಲ ಹೊತ್ತು ಗಡಿಯಾಚೆಯ ಶಿನೋಳಿಗೆ ನಡೆದೆವು. ಅಲ್ಲಿಂದ ಮುಂದೆ ಅವರು ಕಳಿಸಿದ ಬೈಕು.

ಆದರೆ ಪ್ರತ್ಯೇಕವಾಗುವ ಮಾತಿನಲ್ಲಿ ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಬೇರೆಯಾಗುತ್ತೇವೆ ಎನ್ನುವವರು ಉಳ್ಳವರು. ಡಚ್ ಮಾತಾಡುವ ಫ್ಲಾಂಡರ್ಸ್‌ನವರಿಗೆ ತಮ್ಮ ತೆರಿಗೆ ದುಡ್ಡು ಫ್ರೆಂಚ್ ಮಾತಾಡುವ ದಕ್ಷಿಣಕ್ಕೆ ಹರಿದು ಹೋಗುತ್ತದೆ ಎಂಬ ಸಿಟ್ಟು. ಹಿಂದೆ ಇದು ಉಲ್ಟಾ ಇತ್ತು. ಕಲ್ಲಿದ್ದಲು, ಉಕ್ಕು ದಕ್ಷಿಣದಲ್ಲಿ, ಕಚೇರಿಯ ಭಾಷೆ ಫ್ರೆಂಚ್. ಫ್ಲಾಂಡರ್ಸ್‌ನದೇ ಗೆಂಟ್ ವಿಶ್ವವಿದ್ಯಾಲಯ ಪೂರ್ತಿ ಡಚ್ಚಿಗೆ ಬರಲು 1930 ಆಗಬೇಕಾಯಿತು. ಆ ಅವಮಾನ ಇನ್ನೂ ಆರಿಲ್ಲ. ನಮ್ಮಲ್ಲಿ ಕೇಳುವವರು ಪಾಲು ಸಿಗದವರು. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ ಎಂದು 2002ರಲ್ಲೇ ಬರೆದುಕೊಟ್ಟಿದೆ. ಹಾಗಾಗಿ ಈ ಕೂಗನ್ನು ಪೂರ್ತಿ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಕೂಗುವವರ ಮೇಲೆ ಮಾತ್ರ ನಂಬಿಕೆ ಕಡಿಮೆ. ಸ್ವತಂತ್ರ ಫ್ಲಾಂಡರ್ಸ್ ಬೇಕೆನ್ನುವ ಪಕ್ಷದ ಬಾರ್ಟ್ ಡಿ ವೇವರ್ 2025ರ ಫೆಬ್ರುವರಿಯಿಂದ ಇಡೀ ಬೆಲ್ಜಿಯಂನ ಪ್ರಧಾನಿ! ಕುರ್ಚಿ ಸಿಕ್ಕ ಮೇಲೆ ದನಿ ತಗ್ಗುವುದು ನಮಗೇನು ಹೊಸದೇ?

ನನಗೆ ಜಾಸ್ತಿ ಹಿಡಿಸಿದ್ದು ಆ ದೇಶದ ಪೂರ್ವದ ಮೂಲೆ. ಅಲ್ಲಿ ಜರ್ಮನ್ ಮಾತಾಡುವವರ ಒಂದು ಸಣ್ಣ ಸೀಮೆಯಿದೆ. ಎಲ್ಲ ಸೇರಿ ಸುಮಾರು 80 ಸಾವಿರ ಜನ, ಹೆಚ್ಚುಕಡಿಮೆ ನಮ್ಮ ಗೋಕಾಕ ಪಟ್ಟಣದಷ್ಟು. ಅಷ್ಟು ಜನಕ್ಕೆ ಆಯ್ಪೆನ್ ಎಂಬ ಊರಿನಲ್ಲಿ 25 ಸದಸ್ಯರ ಸ್ವಂತ ಸಂಸತ್ತು, ಸ್ವಂತ ಮಂತ್ರಿಗಳು. ಶಾಲೆಯ ವಿಷಯ ಅಲ್ಲಿಯೇ ತೀರ್ಮಾನ.

ನನ್ನ ಸೇವಾ ಪುಸ್ತಕದಲ್ಲಿ ಹುಟ್ಟಿದ ತಾರೀಕು ತಪ್ಪಾಗಿತ್ತು. 8 ಹೋಗಿ 3 ಆಗಿತ್ತು, ಅಷ್ಟೇ. ಅದನ್ನು ತಿದ್ದಿಸಲು ಮೂರು ಸಲ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಐನೂರು ಕಿಲೋಮೀಟರ್. ಎರಡು ಸಲ “ಸಾಹೇಬರು ಮೀಟಿಂಗಿನಲ್ಲಿದ್ದಾರೆ” ಎಂಬ ಮಾತು ಕೇಳಿ ವಾಪಸ್ ಬಂದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣಸೌಧ ನನ್ನ ಮನೆಯಿಂದ ಅರ್ಧ ತಾಸಿನ ದಾರಿ.

ಪ್ರತ್ಯೇಕ ರಾಜ್ಯ ಕೇಳುವ ಶಾಸಕರು ಈ ಅಧಿವೇಶನದಲ್ಲಿ ಒಂದೇ ಒಂದು ಇಲಾಖೆಯನ್ನು ಪೂರ್ತಿಯಾಗಿ ಇಲ್ಲಿಗೆ ತರಿಸಲಿ. ಬರೀ ಬೋರ್ಡು ಬೇಡ, ಸಹಿ ಹಾಕುವ ಸಾಹೇಬರೂ ಬರಬೇಕು. ನನ್ನಂಥವನು ಸಿಟಿ ಬಸ್ಸಿನಲ್ಲಿ ಹೋಗಿ, ಕೆಲಸ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಂತಾಗಲಿ.

– ನಿವೃತ್ತ ಶಾಲಾ ಶಿಕ್ಷಕ, ಶಹಾಪುರ, ಬೆಳಗಾವಿ