ತರಬೇತುದಾರರ ಬದಲಾವಣೆ: ವಿನಿಪೆಗ್ ಕ್ಲಬ್‌ನ ಲೆಕ್ಕ ಬೇರೆಯೇ ಇದೆ

ಮಾನ್ಯ ಸಂಪಾದಕರೇ,

ವೃತ್ತಿಪರ ತಂಡವೊಂದು ಸತತ ಎರಡು ಋತು ಸೋತರೆ ಮುಖ್ಯ ತರಬೇತುದಾರರನ್ನು ಬದಲಿಸುವುದೇ ಆಡಳಿತ ಮಂಡಳಿಯ ಮೊದಲ ಕರ್ತವ್ಯ ಎಂಬ ವಾದವನ್ನು ತಮ್ಮ ಕ್ರೀಡಾ ಪುಟದ ಅಂಕಣದಲ್ಲಿ ಓದಿದೆ. ಅಂಕಣಕಾರರು ಉತ್ತರ ಅಮೆರಿಕದ ತಂಡಗಳನ್ನೇ ಇದಕ್ಕೆ ಮಾದರಿಯಾಗಿ ತೋರಿಸಿರುವುದರಿಂದ, ನಾನು ವಾಸವಾಗಿರುವ ಕೆನಡಾದ ವಿನಿಪೆಗ್ ನಗರದ ಬ್ಲೂ ಬಾಂಬರ್ಸ್ ಎಂಬ ಕೆನಡಿಯನ್ ಫುಟ್‌ಬಾಲ್ ತಂಡದ ತರಬೇತುದಾರರ ಚರಿತ್ರೆ ಆ ವಾದಕ್ಕೆ ಹೇಗೆ ಅಡ್ಡ ನಿಲ್ಲುತ್ತದೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ಕೆನಡಿಯನ್ ಫುಟ್‌ಬಾಲ್ ನಾವು ಊರಿನಲ್ಲಿ ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 12 ಆಟಗಾರರು, 110 ಗಜದ ಮೈದಾನ, ಹತ್ತು ಗಜ ಮುಂದೆ ಹೋಗಲು ಮೂರೇ ಯತ್ನ; ಅಮೆರಿಕದ ಆಟದಲ್ಲಿ ನಾಲ್ಕಿರುತ್ತವೆ. ಎರಡನೆಯ ಯತ್ನವೂ ವಿಫಲವಾದ ಬಳಿಕ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬೇಕೇ, ಗೋಲು ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲ್‌ಗೆ ಹೊಡೆಯಬೇಕೇ ಅಥವಾ ಉಳಿದ ಒಂದು ಯತ್ನವನ್ನು ಪಣಕ್ಕಿಡಬೇಕೇ ಎಂಬುದು ಮುಖ್ಯ ತರಬೇತುದಾರನ ತೀರ್ಮಾನ. ಆ ತೀರ್ಮಾನ ತಪ್ಪಿದರೆ ಇಡೀ ನಗರಕ್ಕೆ ಕಾಣುತ್ತದೆ, ಆದ್ದರಿಂದಲೇ ಸೋಲಿನ ಮರುದಿನ ಎಲ್ಲರ ಬೆರಳು ಅವನ ಕಡೆಗೇ ತಿರುಗುತ್ತದೆ.

ಬಡ್ ಗ್ರಾಂಟ್ ಅವರಿಂದಲೇ ಆರಂಭಿಸುತ್ತೇನೆ. ಇದೇ ತಂಡದ ಆಟಗಾರರಾಗಿದ್ದ ಅವರನ್ನು 1957ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮುಖ್ಯ ತರಬೇತುದಾರರನ್ನಾಗಿ ನೇಮಿಸಲಾಯಿತು. 1958, 1959, 1961 ಮತ್ತು 1962ರಲ್ಲಿ ಅವರ ತಂಡ ದೇಶದ ಚಾಂಪಿಯನ್ ತಂಡಕ್ಕೆ ಸಲ್ಲುವ ಗ್ರೇ ಕಪ್ ಗೆದ್ದಿತು. (1962ರ ಫೈನಲ್ ಟೊರೊಂಟೊದ ದಟ್ಟ ಮಂಜಿನಿಂದಾಗಿ ಅರ್ಧಕ್ಕೆ ನಿಂತು ಮರುದಿನ ಮುಗಿಯಿತು, ಅಂತರ ಒಂದೇ ಅಂಕ, 28–27.) ಇಷ್ಟನ್ನು ಎಲ್ಲರೂ ನೆನೆಯುತ್ತಾರೆ. ಆದರೆ 1964ರಲ್ಲಿ ಇದೇ ಗ್ರಾಂಟ್ ಅವರ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು, ಡ್ರಾ ಮಾಡಿಕೊಂಡದ್ದು ಒಂದನ್ನು, ಉಳಿದ ಹದಿನಾಲ್ಕನ್ನೂ ಸೋತಿತ್ತು ಎಂಬುದನ್ನು ಹೇಳುವವರು ಕಡಿಮೆ. ಅಂಥ ಋತುವಿನ ನಂತರವೂ ಕ್ಲಬ್ ಅವರನ್ನು ಕೈಬಿಡಲಿಲ್ಲ. ಮರುವರ್ಷ ಅದೇ ಗ್ರಾಂಟ್ 11 ಪಂದ್ಯಗಳನ್ನು ಗೆಲ್ಲಿಸಿ ತಂಡವನ್ನು ಮತ್ತೆ ಗ್ರೇ ಕಪ್ ಫೈನಲ್‌ಗೆ ತಲುಪಿಸಿದರು. ಫೈನಲ್‌ನಲ್ಲಿ ಸೋತರು, ಅದು ಬೇರೆ ಮಾತು. ಆಮೇಲೆ ಅಮೆರಿಕದ ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಹೋದ ಅವರು ನಾಲ್ಕು ಬಾರಿ ಅಲ್ಲಿನ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತಲುಪಿ ನಾಲ್ಕರಲ್ಲೂ ಸೋತರು. ಆದರೂ ಎರಡೂ ದೇಶಗಳ ಫುಟ್‌ಬಾಲ್ ಗೌರವ ಭವನಗಳಲ್ಲಿ ಅವರ ಹೆಸರಿದೆ.

ಇದಕ್ಕೆ ತದ್ವಿರುದ್ಧವಾದ ಅಧ್ಯಾಯವೂ ಇದೇ ಕ್ಲಬ್‌ನಲ್ಲಿದೆ. ಮೈಕ್ ರೈಲಿ 1988 ಮತ್ತು 1990ರಲ್ಲಿ ಕಪ್ ಗೆಲ್ಲಿಸಿಕೊಟ್ಟು ಹೋದ ಮೇಲೆ ವಿನಿಪೆಗ್ ಮತ್ತೊಂದು ಕಪ್‌ಗಾಗಿ 29 ವರ್ಷ ಕಾಯಬೇಕಾಯಿತು, ಮತ್ತು ಆ ಅವಧಿಯ ಬಹುಭಾಗ ತರಬೇತುದಾರರು ಬರುವುದು, ಹೋಗುವುದರಲ್ಲೇ ಕಳೆಯಿತು. 2001ರಲ್ಲಿ ಲೀಗ್ ಹಂತದ 18 ಪಂದ್ಯಗಳಲ್ಲಿ 14 ಗೆದ್ದು ತಂಡವನ್ನು ಫೈನಲ್‌ಗೆ ಒಯ್ದ ಡೇವ್ ರಿಚಿ ಅವರನ್ನು 2004ರ ಋತುವಿನ ನಡುವೆಯೇ ತೆಗೆಯಲಾಯಿತು. 2007ರಲ್ಲಿ ಫೈನಲ್ ಆಡಿಸಿದ ಡಗ್ ಬೆರಿ ಮರುವರ್ಷದ ಋತುವಿನ ಬಳಿಕ ಮನೆಗೆ ಹೋದರು, ಅವರ ಜಾಗಕ್ಕೆ ಬಂದ ಮೈಕ್ ಕೆಲ್ಲಿ ಒಂದೇ ಋತು ಉಳಿದರು. 2011ರಲ್ಲಿ ಫೈನಲ್ ತಲುಪಿದ ಪಾಲ್ ಲಾಪೊಲಿಸ್ ಅವರನ್ನು 2012ರ ಋತುವಿನ ಮಧ್ಯದಲ್ಲಿ ವಜಾ ಮಾಡಿದರು. ಅದರ ಮುಂದಿನ ವರ್ಷ ತಂಡ ಗೆದ್ದದ್ದು 18ರಲ್ಲಿ ಮೂರೇ ಪಂದ್ಯ. ಬದಲಾವಣೆಯೇ ಮದ್ದಾಗಿದ್ದರೆ ವಿನಿಪೆಗ್ ಈ ಅವಧಿಯಲ್ಲಿ ಎಂದೋ ಗುಣವಾಗಬೇಕಿತ್ತು.

2014ರಲ್ಲಿ ಮೈಕ್ ಓಶೇ ಬಂದರು. ಅಂಕಣಕಾರರ ಅಳತೆಗೋಲನ್ನು ಇಟ್ಟು ನೋಡಿದರೆ ಅವರು 2015ರ ಕೊನೆಗೇ ಹೊರಗಿರಬೇಕಿತ್ತು: ಮೊದಲ ಋತುವಿನಲ್ಲಿ 7 ಗೆಲುವು, 11 ಸೋಲು, ಎರಡನೆಯದರಲ್ಲಿ 5 ಗೆಲುವು, 13 ಸೋಲು. ಮೂರನೆಯ ಋತುವಿನ ಮೊದಲ ಐದು ಪಂದ್ಯಗಳಲ್ಲೂ ನಾಲ್ಕು ಸೋಲು. ಆಗ ಅವರು ತಂಡದ ಆಕ್ರಮಣವನ್ನು ಮುನ್ನಡೆಸುವ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಮ್ಯಾಟ್ ನಿಕೋಲ್ಸ್ ಅವರನ್ನು ತಂದರು, ತಂಡ ಸಾಲಾಗಿ ಏಳು ಪಂದ್ಯ ಗೆದ್ದಿತು. ಅದೇ ವರ್ಷದ ನಾಕೌಟ್ ಪಂದ್ಯದ ಕೊನೆಯ ಗಳಿಗೆಯಲ್ಲಿ 61 ಗಜದಿಂದ ಫೀಲ್ಡ್ ಗೋಲ್‌ಗೆ ಪ್ರಯತ್ನಿಸುವಂತೆ ಹೇಳಿ, ಅದು ಗುರಿ ಮುಟ್ಟದೆ, ಒಂದು ಅಂಕದಿಂದ ಸೋತಾಗ ಟೀಕೆಯ ಸುರಿಮಳೆಯೇ ಆಯಿತು. ನನ್ನ ದೃಷ್ಟಿಯಲ್ಲಿಯೂ ಅದು ಸರಿಯಾದ ತೀರ್ಮಾನವಾಗಿರಲಿಲ್ಲ. ಆದರೆ ಕ್ಲಬ್‌ನ ಅಧ್ಯಕ್ಷ ವೇಡ್ ಮಿಲ್ಲರ್ ಮತ್ತು ಜನರಲ್ ಮ್ಯಾನೇಜರ್ ಕೈಲ್ ವಾಲ್ಟರ್ಸ್ ಒಂದು ಹೊಡೆತದ ಮೇಲೆ ಮೂರು ವರ್ಷದ ಕೆಲಸವನ್ನು ಅಳೆಯಲು ಒಪ್ಪಲಿಲ್ಲ. 2019ರಲ್ಲಿ ಕಪ್ ಬಂತು, ಕೋವಿಡ್‌ನಿಂದ ರದ್ದಾದ 2020ರ ಋತುವಿನ ನಂತರ 2021ರಲ್ಲಿ ಮತ್ತೆ ಬಂತು. 2024ರಲ್ಲಿ ಓಶೇ ಗೆಲುವಿನ ಸಂಖ್ಯೆಯಲ್ಲಿ ಗ್ರಾಂಟ್ ಅವರನ್ನೂ ದಾಟಿದರು. ಇನ್ನೊಂದು ಸ್ವಾರಸ್ಯದ ಸಂಗತಿಯೆಂದರೆ, 2019ರ ಆ ತಂಡದ ಆಕ್ರಮಣ ವಿಭಾಗವನ್ನು ನಡೆಸಿದವರು ಏಳು ವರ್ಷಗಳ ಹಿಂದೆ ಇದೇ ಕ್ಲಬ್ ವಜಾ ಮಾಡಿದ್ದ ಲಾಪೊಲಿಸ್.

ಮಾಲೀಕನ ತಾಳ್ಮೆಯಿಂದ ಇದು ಸಾಧ್ಯವಾಯಿತು ಎನ್ನುವಂತಿಲ್ಲ, ಏಕೆಂದರೆ ಈ ಕ್ಲಬ್‌ಗೆ ಮಾಲೀಕನೇ ಇಲ್ಲ. ಇದು ಲಾಭದ ಉದ್ದೇಶವಿಲ್ಲದ, ಸಮುದಾಯದ ಒಡೆತನದ ಸಂಸ್ಥೆ; ನಿರ್ದೇಶಕರ ಮಂಡಳಿ ಅದನ್ನು ನಡೆಸುತ್ತದೆ, ಟಿಕೆಟ್ ಕೊಳ್ಳುವವರ ಸಿಟ್ಟು ನೇರವಾಗಿ ಅವರಿಗೇ ತಟ್ಟುತ್ತದೆ. ಒಪ್ಪಂದ ಮುಗಿಯುವ ಮುನ್ನ ತರಬೇತುದಾರನನ್ನು ಕಳುಹಿಸಿದರೆ ತೆರಬೇಕಾದ ಹಣವೂ ಸಮುದಾಯದ್ದೇ.

ಎಲ್ಲರನ್ನೂ ಎಲ್ಲ ಕಾಲಕ್ಕೂ ಉಳಿಸಿಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. 1997 ಮತ್ತು 1998ರಲ್ಲಿ ಜೆಫ್ ರೈನ್‌ಬೋಲ್ಡ್ ಅವರ ಕೈಯಲ್ಲಿ ತಂಡ ಇದ್ದ ಸ್ಥಿತಿಗೆ ಬದಲಾವಣೆ ಅನಿವಾರ್ಯವಾಗಿತ್ತು. ಸೋಲಿನ ನಡುವೆಯೂ ಆಟಗಾರರು ತರಬೇತುದಾರನ ಮಾತಿಗೆ ಕಿವಿಗೊಡುತ್ತಿದ್ದಾರೆಯೇ, ತಂಡಕ್ಕೆ ಬರುವ ಹೊಸಬರು ಬೆಳೆಯುತ್ತಿದ್ದಾರೆಯೇ ಎಂದು ನೋಡಬೇಕೇ ಹೊರತು ಅಂಕಪಟ್ಟಿಯ ಎರಡು ಸಾಲನ್ನಷ್ಟೇ ಅಲ್ಲ ಎಂಬುದು ನನ್ನ ಆಕ್ಷೇಪ. 2022, 2023 ಮತ್ತು 2024ರ ಫೈನಲ್‌ಗಳನ್ನು ಬ್ಲೂ ಬಾಂಬರ್ಸ್ ಒಂದರ ಮೇಲೊಂದರಂತೆ ಸೋತಿತು. 2025ರಲ್ಲಿ ಫೈನಲ್ ವಿನಿಪೆಗ್‌ನಲ್ಲೇ ನಡೆದರೂ ಅಲ್ಲಿಯವರೆಗೆ ತಲುಪಲು ಅದಕ್ಕೆ ಸಾಧ್ಯವಾಗಲಿಲ್ಲ. ಈ ನಾಲ್ಕು ವರ್ಷಗಳನ್ನು ಅಂಕಣಕಾರರು ಯಾವ ಕಡೆಗೆ ಎಣಿಸುತ್ತಾರೆ ಎಂಬುದನ್ನು ಮುಂದಿನ ಅಂಕಣದಲ್ಲಿ ತಿಳಿಸಿದರೆ ಚರ್ಚೆ ಮುಂದುವರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ವಿನಿಪೆಗ್