ಎಟಿಎಂ ಕಾರ್ಡು

ಪ್ರೀತಿಯ ಪುಟ್ಟಿ,

ಭಾನುವಾರ ಬಂದಿದ್ದ ಗಂಡಿನ ಕಡೆಯವರ ಒಂದು ಮಾತು ಇನ್ನೂ ತಲೆಯಲ್ಲೇ ಕೂತಿದೆ. 'ಮದುವೆ ಆದಮೇಲೂ ಹುಡುಗಿ ಕೆಲಸಕ್ಕೆ ಹೋಗಲಿ, ನಮ್ಮದೇನೂ ಅಭ್ಯಂತರ ಇಲ್ಲ' ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ನೀನು ಮಾತ್ರ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಕೆ ನನಗೆ ಬಾಯಿ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದೇ ಮಾತನ್ನು ಒಂದು ಕಾಲಕ್ಕೆ ನಾನು ನಿಮ್ಮಮ್ಮನಿಗೆ ಹೇಳಿದ್ದೆ.

2011ರಲ್ಲಿ ನೀನು ಆರನೇ ಕ್ಲಾಸು. ಆ ವರ್ಷ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಗಿ ಬಂತು, ರಾಮನಗರದ ಮಾರುಕಟ್ಟೆಯಲ್ಲಿ ನಮ್ಮ ಗೂಡಿನ ಬೆಲೆ ಬಿದ್ದುಹೋಯಿತು. ಎರಡು ಬೆಳೆ ನೋಡಿದೆ. ಸೊಪ್ಪಿನ ಖರ್ಚೂ ಹುಟ್ಟಲಿಲ್ಲ. ಊರಿನ ನಾಲ್ಕಾರು ಹೆಂಗಸರು ಆಗಲೇ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ನಿಮ್ಮಮ್ಮ 'ನಾನೂ ಹೋಗ್ತೀನಿ' ಅಂದಾಗ 'ಹೋಗು, ನನ್ನದೇನೂ ಅಭ್ಯಂತರ ಇಲ್ಲ' ಅಂದೆ. ದೊಡ್ಡ ಮನಸ್ಸು ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಹುಳು ಸಾಕುವಾಗ ರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವಳು ಅವಳು. ಗೂಡು ಕಟ್ಟುವ ಹದಕ್ಕೆ ಬಂದ ಹಣ್ಣು ಹುಳು ಆರಿಸಿ ಚಂದ್ರಿಕೆಯ ತಟ್ಟೆಗೆ ಬಿಡುತ್ತಿದ್ದವಳೂ ಅವಳೇ. ಗೂಡಿನ ಮೂಟೆ ಹೊತ್ತು ಹರಾಜಿಗೆ ಹೋಗಿ ದುಡ್ಡು ಎಣಿಸಿಕೊಂಡು ಬರುತ್ತಿದ್ದವನು ನಾನು. ಗಾರ್ಮೆಂಟ್ಸ್‌ಗೆ ಹೋದಮೇಲೆ ಮೊದಲ ಸಲ ಅವಳ ಹೆಸರಿಗೇ ಸಂಬಳ ಬಂತು. ಆದರೆ ಎಟಿಎಂ ಕಾರ್ಡು ನನ್ನ ಅಂಗಿ ಜೇಬಿನಲ್ಲಿತ್ತು. ಬಸ್ ಚಾರ್ಜಿಗೂ ಅವಳು ನನ್ನನ್ನೇ ಕೇಳುತ್ತಿದ್ದಳು. ಐದು ವರ್ಷ ಹೀಗೇ ನಡೀತು. ಅದು ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ, ಪುಟ್ಟಿ.

ಅವಳು ಕಾಲರ್ ಹೊಲಿಯುವ ಲೈನಿನಲ್ಲಿದ್ದಳು. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಸರ್ ಬೈತಾನೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಆ ಶರ್ಟು ಅಮೆರಿಕದ ಅಂಗಡಿಗೆ ಹೋಗುತ್ತಿತ್ತು, ಇವಳು ತಲೆಗೂದಲಲ್ಲಿ ನೂಲಿನ ಚೂರು ಸಿಕ್ಕಿಸಿಕೊಂಡು ರಾತ್ರಿ ಎಂಟಕ್ಕೆ ಮನೆಗೆ ಬರುತ್ತಿದ್ದಳು. ಬಂದವಳು ಮುದ್ದೆಗೆ ಎಸರಿಡುತ್ತಿದ್ದಳು. ನಾನು ಟಿವಿ ಮುಂದೆ.

2016ರ ಏಪ್ರಿಲ್ ನೆನಪಿದೆಯಾ? ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷ ಆಗುವವರೆಗೆ ಸಿಗಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಆ ದುಡ್ಡನ್ನು ನಿಮ್ಮಮ್ಮ ನಿನ್ನ ಡಿಗ್ರಿ ಫೀಸಿಗೆ ಅಂತ ಲೆಕ್ಕ ಹಾಕಿಟ್ಟಿದ್ದಳು. 18ನೇ ತಾರೀಕು ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ದೊಡ್ಡ ಲೀಡರ್ ಅಂತ ಯಾರೂ ಕರೆ ಕೊಟ್ಟಿರಲಿಲ್ಲ. ಮಾರನೇ ದಿನ ಇವಳೂ ಜೊತೆಯವರೊಂದಿಗೆ ಹೊರಗೆ ಬಂದಳು. ಲಾಠಿ ಏಟೂ ಬಿತ್ತು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಆವತ್ತೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ರಾತ್ರಿ ಬಂದಾಗ ಸೀರೆ ಅಂಚು ಹರಿದಿತ್ತು. ಕಾಲು ತೊಳೆದು ನೇರ ನನ್ನ ಮುಂದೆ ಬಂದು ಕೈ ಚಾಚಿದಳು.

'ಕಾರ್ಡ್ ಕೊಡಿ.'

'ಯಾಕೆ?'

'ನನ್ನದು ಅದು.'

ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಡಿಗೆಮನೆಗೆ ಹೋದಳು. ಕಾರ್ಡು ಅವಳ ಕೈಗೆ ಬಂತು, ಎಸರು ಮಾತ್ರ ಅವಳೇ ಇಡಬೇಕಾಗಿತ್ತು. ಅದು ಬದಲಾಗೋಕೆ ಇನ್ನೂ ಎಷ್ಟೋ ವರ್ಷ ಹಿಡೀತು.

ದೇಶದಲ್ಲಿ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು ಅಂತ 2019ರ ಸರ್ಕಾರಿ ಸಮೀಕ್ಷೆಯಲ್ಲಿದೆ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ಆಗ ನಾನು ಆ ಲೆಕ್ಕದಲ್ಲೂ ಇರಲಿಲ್ಲ. ಹೊರಗಿನ ಪ್ರಪಂಚ ನಮ್ಮ ಹಟ್ಟಿಯವರೆಗೆ ಬಂತು, ಗೂಡಿನ ಬೆಲೆ ಕಿತ್ತುಕೊಂಡಿತು, ನಿಮ್ಮಮ್ಮನಿಗೆ ಸಂಬಳ ಕೊಟ್ಟಿತು, ನಿನ್ನನ್ನು ವೈಟ್‌ಫೀಲ್ಡ್‌ಗೆ ಕರೆದುಕೊಂಡು ಹೋಯಿತು. ಒಲೆ ಮುಂದೆ ಮಾತ್ರ ಏನೂ ಕದಲಿಸಲಿಲ್ಲ. ಅದನ್ನು ನಾವು ಗಂಡಸರೇ ಎದ್ದು ಮಾಡಬೇಕಾಗಿತ್ತು. ನಾನು ತಡ ಮಾಡಿದೆ.

ಗಂಡಿನ ಕಡೆಯವರಿಗೆ ಫೋನ್ ಮಾಡಿ, ಮೊದಲು ಹುಡುಗ ಹುಡುಗಿ ಇಬ್ಬರೂ ಕೂತು ಮಾತಾಡಲಿ, ಆಮೇಲೆ ಹೇಳ್ತೀವಿ ಅಂದಿದ್ದೇನೆ. ನಿನಗೆ ಕೇಳಬೇಕಾದ್ದೆಲ್ಲ ಕೇಳು. ಸಂಜೆ ಮನೆಗೆ ಬಂದಮೇಲೆ ಅವನು ಏನು ಮಾಡ್ತಾನೆ, ಅವನಿಗೆ ಏನೇನು ಅಡುಗೆ ಬರುತ್ತೆ, ಮಗು ಆದರೆ ಯಾರು ರಜ ಹಾಕ್ತೀರಿ, ಎಲ್ಲ. ಬೇಡ ಅನ್ನಿಸಿದರೆ ಬೇಡ ಅನ್ನು. ಅವರಿಗೆ ನಾನು ಹೇಳ್ತೀನಿ.

ಹುಳು ನಾಲ್ಕನೇ ಜ್ವರ ಎದ್ದಿದೆ, ಪೊರೆ ಬಿಟ್ಟಾಯಿತು. ರಾತ್ರಿ ಸೊಪ್ಪು ನಾನೇ ಹಾಕುತ್ತಿದ್ದೇನೆ, ಅಮ್ಮ ಮಲಗಿದ್ದಾಳೆ. ನೀನು ಬರುವ ಹೊತ್ತಿಗೆ ಚಂದ್ರಿಕೆಗೆ ಬಿಟ್ಟಿರುತ್ತೇವೆ. ಈ ಸಲ ಗೂಡು ಮಾರೋಕೆ ಅವಳೇ ಹೋಗ್ತಾಳಂತೆ.

ನಿನ್ನ
ಅಪ್ಪ